ರಂಗನಾಥ ದಿವಾಕರರ ಪತ್ರಿಕಾವೃತ್ತಿ ಮತ್ತು ರಾಜಕಾರಣ: ಧಾರವಾಡದ ಗ್ರಾಮಭಾಗದಿಂದ ಒಂದು ಅವಲೋಕನ

1894ರಲ್ಲಿ ಧಾರವಾಡದಲ್ಲಿ ಜನಿಸಿದ ರಂಗನಾಥ ರಾಮಚಂದ್ರ ದಿವಾಕರರನ್ನು ಕೇಂದ್ರಸಚಿವರೆಂದೂ ರಾಜ್ಯಪಾಲರೆಂದೂ ಸ್ಮರಿಸುವುದು ವಾಡಿಕೆಯಾಗಿದ್ದರೂ, ಅವರ ಸಾರ್ವಜನಿಕ ಜೀವನಕ್ಕೆ ಬೇರಾಗಿದ್ದುದು ಪತ್ರಿಕೆಯೇ ಎಂಬುದು ಈ ಲೇಖನದ ಪ್ರತಿಪಾದ್ಯ. ಅಸಹಕಾರ ಚಳವಳಿಯ ಕಾಲದಲ್ಲಿ, 1921ರಲ್ಲಿ, ಅವರು ‘ಕರ್ಮವೀರ’ ವಾರಪತ್ರಿಕೆಯನ್ನು ಆರಂಭಿಸಿದಾಗ ಈ ಭಾಗದ ವಿದ್ಯಾವಂತರಲ್ಲಿ ಪುಣೆಯ ಮರಾಠಿ ಪತ್ರಿಕೆ ‘ಕೇಸರಿ’ಯ ಪ್ರಭಾವವೇ ಪ್ರಬಲವಾಗಿತ್ತು, ರಾಜಕೀಯವನ್ನು ಕನ್ನಡದಲ್ಲಿಯೇ ಚರ್ಚಿಸುವ ಪರಿಪಾಠವಿನ್ನೂ ಬಲಿತಿರಲಿಲ್ಲ.

ಅಂದಿನ ಆಡಳಿತದ ವಿಚ್ಛಿದ್ರತೆಯನ್ನು ಮನಗಾಣಲು ಕುಂದಗೋಳವೊಂದೇ ಸಾಕು. ನವಲಗುಂದ, ಅಣ್ಣಿಗೇರಿ, ಕಲಘಟಗಿಗಳು ಮುಂಬಯಿ ಇಲಾಖೆಗೆ ಸೇರಿದ್ದರೆ, ಅದೇ ಸೀಮೆಯ ಕುಂದಗೋಳವು 1948ರವರೆಗೂ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಒಳಪಟ್ಟಿತ್ತು. ಅಲ್ಲಿಯ ಒಕ್ಕಲಿಗನು ಅರಳೆಯ ಗಾಡಿಯನ್ನು ಹುಬ್ಬಳ್ಳಿಯ ಪೇಟೆಗೆ ಹೊಡೆದರೆ, ಹಾದಿಯುದ್ದಕ್ಕೂ ಎರೆಭೂಮಿಯೂ ಆಡುನುಡಿಯೂ ಒಂದೇ ಆಗಿದ್ದು ಸರಕಾರವು ಮಾತ್ರ ಬದಲಾಗುತ್ತಿತ್ತು. ಬೆಳಗಾವಿಯಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಪತ್ರಿಕೆಯು ದಿವಾಕರರೂ ಅವರ ಸಂಗಡಿಗರೂ ಕಟ್ಟಿದ ಲೋಕಶಿಕ್ಷಣ ಟ್ರಸ್ಟಿನ ಆಶ್ರಯದಲ್ಲಿ 1933ರಲ್ಲಿ ಹುಬ್ಬಳ್ಳಿಗೆ ಬಂದು ನೆಲಸಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹುಬ್ಬಳ್ಳಿಯು ರೈಲುಹಾದಿಗಳು ಕೂಡುವ ಊರು: ಗದಗಿನ ಹಾದಿಯಲ್ಲಿ ಅಣ್ಣಿಗೇರಿ, ಹರಿಹರದ ಹಾದಿಯಲ್ಲಿ ಕುಂದಗೋಳ; ನವಲಗುಂದ, ಕಲಘಟಗಿಗಳಿಗೆ ಮಾತ್ರ ರಸ್ತೆಯೇ ಗತಿ. ಹೀಗೆ ಊರಿಗೆ ಬಂದ ಪತ್ರಿಕೆಯ ಒಂದು ಪ್ರತಿಯನ್ನು ಅಕ್ಷರಬಲ್ಲವನೊಬ್ಬನು ಚಾವಡಿಯಲ್ಲಿ ಗಟ್ಟಿಯಾಗಿ ಓದಿದರೆ ಹತ್ತಾರು ಮಂದಿ ಕೇಳುತ್ತಿದ್ದ ಕಾಲದಲ್ಲಿ, ಮಾರಾಟದ ಅಂಕಿಗಳಿಂದ ಪತ್ರಿಕೆಯ ಪ್ರಭಾವವನ್ನು ಅಳೆಯಹೊರಡುವುದು ವ್ಯರ್ಥವೆಂದೇ ನನ್ನ ಮತ.

1938ರ ಬಳ್ಳಾರಿ ಸಾಹಿತ್ಯ ಸಮ್ಮೇಳನಕ್ಕೆ ದಿವಾಕರರೂ ಮರುವರುಷ ಬೆಳಗಾವಿಯಲ್ಲಿ ಪತ್ರಕರ್ತ ಮುದವೀಡು ಕೃಷ್ಣರಾಯರೂ ಅಧ್ಯಕ್ಷರಾದುದು, ಪತ್ರಕರ್ತನಿಗೆ ಸಾಹಿತಿಯ ಪಂಕ್ತಿಯಲ್ಲಿ ಸ್ಥಾನ ದೊರೆತುದರ ದ್ಯೋತಕ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ದಿವಾಕರರ ಭೂಗತ ಜೀವನ, ಸಂವಿಧಾನ ಸಭೆಯ ಸದಸ್ಯತ್ವ ಇವು ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ನಿರ್ವಹಿಸುತ್ತಿದ್ದಾಗಲೇ, 1950ರ ಜನವರಿ 8ರಂದು, ಧಾರವಾಡ ಆಕಾಶವಾಣಿಯು ಆರಂಭವಾಯಿತು. ಓದುಬಾರದವನಿಗೂ ಚಾವಡಿಯ ಓದುಗನ ಹಂಗಿಲ್ಲದೆ ವಾರ್ತೆ ಮುಟ್ಟುವ ಸೌಕರ್ಯ ಅದರಿಂದ ಒದಗಿತು. ಅವರ ಸಚಿವಪದವಿಯ ಕಾರ್ಯಗಳಲ್ಲಿ ಈ ಸೀಮೆಗೆ ಅತ್ಯಂತ ನಿಕಟವಾದುದು ಇದೇ. 1952ರಲ್ಲಿ ಅವರು ಬಿಹಾರದ ರಾಜ್ಯಪಾಲರಾಗಿ ತೆರಳಿದರು. ಕರ್ನಾಟಕ ಏಕೀಕರಣದ ಅಂತಿಮ ಘಟ್ಟದ ಒತ್ತಡವೆಲ್ಲ ಹುಬ್ಬಳ್ಳಿ ಧಾರವಾಡಗಳ ಬೀದಿಗಳಲ್ಲಿ ವ್ಯಕ್ತವಾಗುತ್ತಿದ್ದಾಗ ಪಕ್ಷಾತೀತವಾದ ಆ ಪದವಿಯು ಅವರ ಬಾಯಿ ಕಟ್ಟಿತ್ತು; 1956ರ ನವೆಂಬರ್ 1ರಂದು ರಾಜ್ಯವು ಒಂದಾದಾಗಲೂ ಅವರು ಅದೇ ಪದವಿಯಲ್ಲಿದ್ದರು. ಆ ವರುಷಗಳಲ್ಲಿ ಈ ಹಳ್ಳಿಗಳಿಗೆ ಏಕೀಕರಣದ ವಾರ್ತೆಯನ್ನು ಮುಟ್ಟಿಸಿದ್ದು ಅವರಲ್ಲ, ಅವರು ಕಟ್ಟಿಕೊಟ್ಟಿದ್ದ ಪತ್ರಿಕೆ.