ಬೆಂದ ಕಾಳಿನ ಕಥೆ, ಸುಟ್ಟ ಕಾಳಿನ ಚರಿತ್ರೆ



ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿ ಹೇಳುವುದು ಒಂದೇ ಕಥೆ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ. ಹಸಿದು ಒಂದು ಗುಡಿಸಲಿನ ಬಾಗಿಲಿಗೆ ಬಂದ. ಅಲ್ಲಿದ್ದ ಮುದುಕಿ ಬೇಯಿಸಿದ ಕಾಳು ಕೊಟ್ಟಳು. ಊರು ‘ಬೆಂದಕಾಳೂರು’ ಆಯಿತು.

ಕಥೆ ಸೊಗಸಾಗಿದೆ, ಆದರೆ ಶಾಸನ ಒಪ್ಪುವುದಿಲ್ಲ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸಿಕ್ಕ, ಸುಮಾರು 890ರ ಗಂಗರ ಕಾಲದ ಶಾಸನದಲ್ಲೇ ‘ಬೆಂಗಳೂರ ಕಾಳಗ’ದ ಪ್ರಸ್ತಾಪವಿದೆ. ಅಂದರೆ ದೊರೆ ಬರುವುದಕ್ಕೆ 280 ವರ್ಷ ಮೊದಲೇ ಊರಿಗೆ ಹೆಸರಿತ್ತು. ಕಲ್ಲಿನ ಮೇಲೆ ಕಾಳಗ ಉಳಿಯಿತು, ಕಾಳು ಉಳಿಯಲಿಲ್ಲ!

ಹಾಗಾದರೆ ಆ ಮುದುಕಿಯನ್ನು ಚರಿತ್ರೆಯಿಂದ ಹೊರಗೆ ಕಳಿಸಿಬಿಡೋಣವೇ? ಬೇಡ. ಆಕೆ ದೊರೆಗಿಂತ ಮಾತ್ರವಲ್ಲ, ಶಾಸನಕ್ಕಿಂತಲೂ ಬಹಳ ಹಳಬಳು.

ಬಳ್ಳಾರಿ ಹತ್ತಿರದ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಇವೆಲ್ಲ ನವಶಿಲಾಯುಗದ ನೆಲೆಗಳು. ಇಂಥ ಕಡೆ ಪುರಾತತ್ವಜ್ಞರು ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ತಳಕ್ಕೆ ಇಳಿಯುತ್ತದೆ, ಕರಕಲಾದ ಕಾಳುಗಳು ಮೇಲೆ ತೇಲುತ್ತವೆ. ಹೀಗೆ ಸಿಕ್ಕ ಕಾಳುಗಳಲ್ಲಿ ಹುರುಳಿ ಮತ್ತು ಹೆಸರು ಮುಖ್ಯವಾದವು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ ಇವನ್ನು ಬೆಳೆದು ತಿನ್ನುತ್ತಿದ್ದರು. ಅವರೆ ಸ್ವಲ್ಪ ತಡವಾಗಿ ಬಂದ ನೆಂಟ. ಅದರ ಕಾಡು ಬಳಗ ಆಫ್ರಿಕಾದಲ್ಲಿದೆ. ಅಲ್ಲಿಂದ ಬಂದು ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಇಲ್ಲಿ ಬೇರೂರಿತು. ಇಂದು ಅದನ್ನು ಹೊರಗಿನದೆಂದು ಯಾರಾದರೂ ಅಂದಾರೆಯೇ?

ಇಲ್ಲೊಂದು ಸ್ವಾರಸ್ಯವಿದೆ. ಚೆನ್ನಾಗಿ ಬೆಂದ ಕಾಳು ಹೊಟ್ಟೆಗೆ ಹೋಯಿತು, ಹಾಗೇ ಬಿದ್ದದ್ದು ಕೊಳೆಯಿತು. ಕೈತಪ್ಪಿ ಒಲೆಗೆ ಚೆಲ್ಲಿ ಕರಕಲಾದದ್ದು ಮಾತ್ರ ನಮ್ಮವರೆಗೆ ಬಂತು. ಗಡಿಬಿಡಿಯಲ್ಲಿ ಯಾರೋ ಚೆಲ್ಲಿ, ‘ಅಯ್ಯೋ’ ಎಂದುಕೊಂಡ ಒಂದು ಹಿಡಿ ಕಾಳೇ ಇಂದು ನಮಗೆ ಆಧಾರ.

ಬರಹದಲ್ಲೂ ಅಡುಗೆಗೆ ಜಾಗ ಸಿಕ್ಕಿದ್ದುಂಟು. ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯ ಅಡುಗೆಗೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ರಾಗಿ ಹೊಲದ ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದನ್ನು ಗುರುತು ಮಾಡಿಕೊಂಡ. ಆದರೆ ಕೊಯ್ದ ಕಾಳನ್ನು ಮುಂದಿನ ಬಿತ್ತನೆಯವರೆಗೆ ಹುಳು ಬೀಳದಂತೆ ಕಾಪಾಡಿದ ವಿದ್ಯೆ ಬಹುಮಟ್ಟಿಗೆ ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲೇ ದಾಟಿತು.

ಆ ವಿದ್ಯೆಯ ಬೆಲೆ ನನಗೆ ತಿಳಿದದ್ದು ಮುಂಬೈಗೆ ಬಂದ ಹೊಸದರಲ್ಲಿ. ತುಮಕೂರು ಕಡೆಯ ನಮ್ಮಜ್ಜಿ ಐದು ಸೇರು ಅವರೆಕಾಳು ಕಳಿಸಿದ್ದರು. ಬಿಚ್ಚಿ ನೋಡಿದರೆ ಕಾಳಿಗೆಲ್ಲ ಕೆಮ್ಮಣ್ಣು! ‘ಪಾಪ, ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲ’ ಎಂದು ಮೂರು ನೀರಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಆರಿಸಿ, ಡಬ್ಬಿಗೆ ತುಂಬಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿ ಕಾಳಿಗೂ ಒಂದೊಂದು ತೂತು. ಫೋನಿನಲ್ಲಿ ಹೇಳಿದಾಗ ಅಜ್ಜಿ ಬಯ್ಯಲಿಲ್ಲ. ‘ಮಣ್ಣು ಕಟ್ಟಿದ್ದೇ ಹುಳು ಬೀಳದಿರಲಿ ಅಂತ ಕಣಮ್ಮ’ ಎಂದರು, ಅಷ್ಟೆ.

ಈ ಹುಳು ಮೊಟ್ಟೆ ಇಡುವುದು ಕಾಳಿನ ಸಿಪ್ಪೆಯ ಮೇಲೆ. ಮರಿ ಒಳಗೆ ಕೊರೆದುಕೊಂಡು ಹೋಗಿ, ತಿಂದು ಬೆಳೆದು, ತೂತು ಮಾಡಿ ಹೊರಬರುತ್ತದೆ. ಕೆಮ್ಮಣ್ಣಿನ ಲೇಪ ಅದಕ್ಕೆ ಅಡ್ಡಿ. ಗುಡಾಣದಲ್ಲಿ ಕಾಳಿನ ಜೊತೆ ಹಾಕುತ್ತಿದ್ದ ಒಲೆಬೂದಿ ಸಂದಿಗೊಂದಿ ತುಂಬಿ ಹುಳು ಓಡಾಡದಂತೆ ಮಾಡುತ್ತಿತ್ತು. ಬೇವಿನ ಸೊಪ್ಪು, ಸುಡುಬಿಸಿಲು ಇವಕ್ಕೆಲ್ಲ ಜೊತೆ. ನಮ್ಮ ಫ್ಲ್ಯಾಟುಗಳಲ್ಲಿ ಒಲೆಬೂದಿ ಎಲ್ಲಿಂದ ತರೋಣ? ಕಾಳನ್ನು ಚೆನ್ನಾಗಿ ಒಣಗಿಸಿ, ಡಬ್ಬಿಗೆ ಹಾಕಿ, ನಾಲ್ಕೈದು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಹುಳುವಿನ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಡಬ್ಬಿ ಪೂರ್ತಿ ಆರುವವರೆಗೆ ಮುಚ್ಚಳ ತೆಗೆಯಬೇಡಿ, ಒಳಗೆ ಪಸೆ ಸೇರುತ್ತದೆ.

‘ಎಷ್ಟು ಸೀಟಿ ಕೂಗಿಸಿದರೂ ಕಾಳು ಬೇಯೋದಿಲ್ಲ’ ಎಂಬುದು ಮುಂಬೈ, ಚೆನ್ನೈ ಕಡೆಯ ಕೇಳುಗರ ಇನ್ನೊಂದು ದೂರು. ಸೆಕೆ ಮತ್ತು ತೇವದಲ್ಲಿ ಬಹಳ ದಿನ ಇದ್ದ ಕಾಳು ಗಡುಸಾಗುತ್ತದೆ, ಗಡಸು ನೀರಿನಲ್ಲಿ ಇನ್ನಷ್ಟು ಹಟ ಮಾಡುತ್ತದೆ. ಹುಣಿಸೆಹುಳಿಯನ್ನು ಕಾಳು ಮೆತ್ತಗಾದ ಮೇಲೆಯೇ ಹಾಕಬೇಕು. ಒಣ ಅವರೆಯನ್ನು ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಪೂರ್ತಿ ಬೇಯಿಸುವ ಪದ್ಧತಿಯೂ ಸುಮ್ಮನೆ ಬಂದದ್ದಲ್ಲ. ಅದರಲ್ಲಿರುವ ಕಹಿ ಮತ್ತು ಮೈಗೆ ಒಗ್ಗದ ಅಂಶಗಳು ಇದರಿಂದ ಇಳಿಯುತ್ತವೆ. ಪ್ರಯೋಗಾಲಯ ಹೇಳುವ ಮೊದಲೇ ಅಡುಗೆಮನೆ ಅದನ್ನು ಕಂಡುಕೊಂಡಿತ್ತು.

ಅವರೆ ಬೇಕೆಂದರೆ ಬೆಂಗಳೂರಿಗೇ ಹೋಗಬೇಕಿಲ್ಲ. ಮುಂಬೈ, ಪುಣೆಯಲ್ಲಿ ಪಾವಟಾ ಅಥವಾ ವಾಲ್ ಎಂದು ಕೇಳಿ. ಚೆನ್ನೈಯಲ್ಲಿ ಮೊಚ್ಚೈ, ಹೈದರಾಬಾದಿನಲ್ಲಿ ಚಿಕ್ಕುಡು, ದೆಹಲಿಯಲ್ಲಿ ಸೇಮ್. ತಳಿ ಬೇರೆ ಇರಬಹುದು, ಮಾಗಡಿ ಕಡೆಯ ಸೊಗಡು ಸಿಗದೇ ಇರಬಹುದು, ಆದರೂ ಒಂದೇ ಬಳಗ. ಎಳೆಕಾಳು ಸಿಕ್ಕರೆ ನೆನೆಸಿ ಹಿತುಕಿ ಸಾರು ಮಾಡಿ. ಕೂತು ಹಿತುಕುವಾಗ ಮನೆಯವರೆಲ್ಲ ಜೊತೆಗಿರಲಿ.

ಅಜ್ಜಿ ಈಗಿಲ್ಲ. ಕೆಮ್ಮಣ್ಣನ್ನು ಎಷ್ಟು ನೀರಿಗೆ ಕಲಸಬೇಕು, ಎಷ್ಟು ಬಿಸಿಲು ತೋರಿಸಬೇಕು ಎಂದು ನಾನು ಅವರನ್ನು ಕೇಳಲೇ ಇಲ್ಲ. ನಿಮ್ಮ ಮನೆಯಲ್ಲಿ ಗೊತ್ತಿರುವ ಹಿರಿಯರಿದ್ದರೆ ಇಂದೇ ಕೇಳಿ, ಬರೆದಿಟ್ಟುಕೊಳ್ಳಿ. ನಮಗೂ ಒಂದು ಪ್ರತಿ ಕಳಿಸಿ, ಕಾರ್ಯಕ್ರಮದಲ್ಲಿ ಓದೋಣ. ಒಲೆಗೆ ಬಿದ್ದ ಕಾಳು ನಾಲ್ಕು ಸಾವಿರ ವರ್ಷ ಉಳಿದೀತು, ಕೇಳದೆ ಬಿಟ್ಟ ಮಾತು ಉಳಿಯುವುದಿಲ್ಲ.