ದತ್ತಸಂಚಯಕ್ಕೆ ಬೇಲಿ ಬಂದ ಬಗೆ

2003ರ ಜನವರಿ 25ರಂದು ಅಂತರಜಾಲದಲ್ಲಿ ‘ಸ್ಲ್ಯಾಮರ್’ ಎಂಬ ಗಣಕ ಹುಳು ಹರಡಿತು. ಅದರ ಗಾತ್ರ ಕೇವಲ 376 ಬೈಟ್. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಎರಡು ಸಾಲು ಬರೆದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ! ಅದು ಹೊಕ್ಕಿದ್ದು ಮೈಕ್ರೋಸಾಫ್ಟ್ ಸಂಸ್ಥೆಯ ‘ಎಸ್‌ಕ್ಯೂಎಲ್ ಸರ್ವರ್ 2000’ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶದ ಒಂದು ದೋಷದ ಮೂಲಕ. ದೋಷಕ್ಕೆ ತೇಪೆ ಆರು ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು.

ಆರಂಭದಲ್ಲಿ ಸೋಂಕು ತಗುಲಿದ ಗಣಕಗಳ ಸಂಖ್ಯೆ ಪ್ರತಿ 8.5 ಸೆಕೆಂಡಿಗೆ ಇಮ್ಮಡಿಯಾಯಿತು. ತರಗತಿಯಲ್ಲಿ ಅರ್ಧಾಯುವಿನ ಪಾಠ ಮಾಡುವವರಿಗೆ ಈ ಲೆಕ್ಕ ಹೊಸದಲ್ಲ, ಘಾತದ ಚಿಹ್ನೆ ಮಾತ್ರ ಬೇರೆ. ಒಂದು ಗಣಕದಿಂದ 75,000 ಗಣಕಗಳಿಗೆ ತಲಪಲು 16 ಇಮ್ಮಡಿಗಳಿಗಿಂತ ತುಸು ಹೆಚ್ಚು ಸಾಕು. ಅಂದರೆ ಸುಮಾರು ಎರಡೂಕಾಲು ನಿಮಿಷ. ವಾಸ್ತವದಲ್ಲಿ ಹುಳುವಿನ ಪ್ರತಿಗಳೇ ಜಾಲವನ್ನು ತುಂಬಿ ಅದರ ವೇಗವನ್ನು ತಗ್ಗಿಸಿದವು. ಆದರೂ ದೋಷವಿದ್ದ ಗಣಕಗಳಲ್ಲಿ ಶೇಕಡ 90ಕ್ಕೂ ಹೆಚ್ಚಿನವು ಹತ್ತು ನಿಮಿಷಗಳಲ್ಲಿ ಸೋಂಕಿಗೆ ತುತ್ತಾದವು. 2001ರ ‘ಕೋಡ್ ರೆಡ್’ ಹುಳು ಇಮ್ಮಡಿಯಾಗಲು ಸುಮಾರು 37 ನಿಮಿಷ ತೆಗೆದುಕೊಂಡಿತ್ತು. ಅದು ಎದುರಿನ ಗಣಕದ ಉತ್ತರಕ್ಕಾಗಿ ಕಾಯಬೇಕಿತ್ತು. ಸ್ಲ್ಯಾಮರ್‌ಗೆ ಆ ಗೊಡವೆಯೇ ಇರಲಿಲ್ಲ, ಒಂದೇ ಪೊಟ್ಟಣ ಎಸೆದರೆ ಕೆಲಸ ಮುಗಿಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ದತ್ತಸಂಚಯದ ಬಾಗಿಲು ಬೀದಿಗೆ ತೆರೆದಿದ್ದೇಕೆ? ಜಾಲತಾಣಕ್ಕೆ ಬರುವವರು ಮಾತನಾಡುವುದು ವೆಬ್ ಸರ್ವರ್‌ನೊಂದಿಗೆ. ದತ್ತಸಂಚಯದೊಡನೆ ಮಾತನಾಡಬೇಕಾದದ್ದು ಆ ಸರ್ವರ್ ಮಾತ್ರ. 1996ರಲ್ಲಿಯೇ 10 ಮತ್ತು 192.168ರಿಂದ ಆರಂಭವಾಗುವಂಥ ಕೆಲವು ವಿಳಾಸಗಳನ್ನು ಖಾಸಗಿ ಜಾಲಗಳಿಗೆಂದು ಮೀಸಲಿಡಲಾಗಿತ್ತು. ಸಾರ್ವಜನಿಕ ಅಂತರಜಾಲದಲ್ಲಿ ಅವಕ್ಕೆ ದಾರಿಯೇ ಇಲ್ಲ. ದೊಡ್ಡ ಕಚೇರಿಗಳು ಫೈರ್‌ವಾಲ್‌ನ ಹಿಂದೆ, ಇಂಥ ವಿಳಾಸಗಳಲ್ಲಿ ದತ್ತಸಂಚಯಗಳನ್ನು ಇಡುತ್ತಿದ್ದವು.

ಅಮೆಜಾನ್ ಸಂಸ್ಥೆ 2006ರಲ್ಲಿ ಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿತು. ಆಗ ಗ್ರಾಹಕರೆಲ್ಲರ ಗಣಕಗಳೂ ಒಂದೇ ವಿಶಾಲ ಜಾಲವನ್ನು ಹಂಚಿಕೊಂಡಿದ್ದವು, ಪ್ರತಿಯೊಂದಕ್ಕೂ ಸಾರ್ವಜನಿಕ ವಿಳಾಸವೂ ಸಿಗುತ್ತಿತ್ತು. ವಠಾರದ ಮನೆಗಳಂತೆ ಎನ್ನಬಹುದು: ಬಾಗಿಲಿಗೆ ಬೀಗವುಂಟು, ಕಾಂಪೌಂಡ್ ಇಲ್ಲ. 2009ರ ಆಗಸ್ಟ್‌ನಲ್ಲಿ ಬಂದ ‘ವಿಪಿಸಿ’ ಎಂಬ ಖಾಸಗಿ ಜಾಲದ ಸೌಲಭ್ಯ ಈ ಕೊರತೆ ತುಂಬಿತು. ಗ್ರಾಹಕ ತನ್ನದೇ ವಿಳಾಸಗಳನ್ನು ಆರಿಸಿ ಜಾಲವನ್ನು ಉಪಜಾಲಗಳಾಗಿ ವಿಭಜಿಸಬಹುದು. ದತ್ತಸಂಚಯವಿರುವ ಉಪಜಾಲದಿಂದ ಅಂತರಜಾಲಕ್ಕೆ ದಾರಿಯನ್ನೇ ಕೊಡದಿರಬಹುದು.

ಇದಕ್ಕಿಂತಲೂ ನನಗೆ ಜಾಣತನದ್ದೆನಿಸುವುದು ‘ಸೆಕ್ಯೂರಿಟಿ ಗ್ರೂಪ್’ನ ಕಲ್ಪನೆ. ಕ್ಲೌಡ್‌ನಲ್ಲಿ ಸರ್ವರ್‌ಗಳು ಬೇಡಿಕೆಗೆ ತಕ್ಕಂತೆ ಹುಟ್ಟಿ ಅಳಿಯುತ್ತವೆ, ಅವುಗಳ ವಿಳಾಸ ನಂಬಿ ನಿಯಮ ಬರೆಯಲಾಗದು. ಹಾಗಾಗಿ ‘ವೆಬ್ ಗುಂಪಿಗೆ ಸೇರಿದ ಯಂತ್ರಗಳು ಮಾತ್ರ 5432ನೆಯ ಪೋರ್ಟ್‌ಗೆ ಬರಬಹುದು’ ಎಂದು ಬರೆಯುತ್ತಾರೆ. ಪೋಸ್ಟ್‌ಗ್ರೆಸ್ ದತ್ತಸಂಚಯವು ಸಾಮಾನ್ಯವಾಗಿ ಬಳಸುವ ಪೋರ್ಟ್ ಅದು. ಇಲ್ಲಿ ನೋಡುವುದು ಮನೆಯ ಸಂಖ್ಯೆಯನ್ನಲ್ಲ, ಬಂದವರು ಯಾವ ಕುಟುಂಬದವರೆಂಬುದನ್ನು.

ಸಾಧನ ಬಂದ ಮಾತ್ರಕ್ಕೆ ಎಲ್ಲರೂ ಬಳಸಿದರೆಂದಲ್ಲ. 2017ರ ಜನವರಿಯಲ್ಲಿ ಗುಪ್ತಪದವೂ ಇಲ್ಲದೆ ಅಂತರಜಾಲಕ್ಕೆ ತೆರೆದಿದ್ದ ಸಾವಿರಾರು ಮೊಂಗೊಡಿಬಿ ದತ್ತಸಂಚಯಗಳನ್ನು ದುಷ್ಕರ್ಮಿಗಳು ಅಳಿಸಿ, ಹಣ ಕೇಳುವ ಚೀಟಿ ಇಟ್ಟುಹೋದರು. ಆ ತಂತ್ರಾಂಶದ ಹಳೆಯ ಆವೃತ್ತಿಗಳು ತಾವಾಗಿಯೇ ಎಲ್ಲ ದಿಕ್ಕಿಗೂ ಕಿವಿ ತೆರೆದು ಕೂರುತ್ತಿದ್ದವು. ಅದೇ ವರ್ಷ ಬಂದ 3.6ನೆಯ ಆವೃತ್ತಿ, ಬೇರೆ ಸೂಚನೆ ಇಲ್ಲದಿದ್ದರೆ, ತಾನಿರುವ ಗಣಕದ ಮಾತನ್ನಷ್ಟೇ ಕೇಳುತ್ತದೆ.

ಬೇಲಿಗೆ ನಿಲುಕದ ದಾಳಿಯೂ ಒಂದಿದೆ. ಓದುಗ ತುಂಬುವ ಅರ್ಜಿಯ ಚೌಕದಲ್ಲಿ ಹೆಸರಿನ ಬದಲು ಎಸ್‌ಕ್ಯೂಎಲ್ ಆಜ್ಞೆಯ ತುಣುಕು ಬರೆದರೆ, ವೆಬ್ ಸರ್ವರ್ ತಾನೇ ಅದನ್ನು ಒಳಗೊಯ್ಯುತ್ತದೆ. 1998ರಷ್ಟು ಹಿಂದೆಯೇ ಇದು ಪ್ರಕಟವಾಗಿತ್ತು. ಇದಕ್ಕೆ ಉಪಾಯ, ಆಜ್ಞೆಯನ್ನೂ ದತ್ತವನ್ನೂ ಬೇರೆಬೇರೆಯಾಗಿ ಕಳುಹಿಸುವುದು. ಜೊತೆಗೆ, ಓದುವ ಕೆಲಸವಷ್ಟೇ ಇರುವ ಸರ್ವರ್‌ಗೆ ಅಳಿಸುವ ಅಧಿಕಾರ ಕೊಡದಿರುವುದು.