ಅನಂತಪುರದ ಸರೋವರ ಕ್ಷೇತ್ರ

ಕುಂಬಳೆಯ ಸಮೀಪದ ಅನಂತಪುರಕ್ಕೆ ಹೋದವರಲ್ಲಿ ಬಹುಮಂದಿ ವಿಚಾರಿಸುವುದು ಮೊಸಳೆಯನ್ನು. ದೇವಾಲಯದ ಕಟ್ಟಡವನ್ನು ನಿಂತು ನೋಡುವವರು ವಿರಳ. ಆ ‘ಬಬಿಯಾ’ 2022ರ ಅಕ್ಟೋಬರಿನಲ್ಲಿ ಗತಿಸಿತು. ಮರುವರ್ಷ ಮತ್ತೊಂದು ಕಾಣಿಸಿಕೊಂಡಿತು. ಅದಿರಲಿ.

ಸುಮಾರು 300 ಅಡಿ ಚೌಕದ ಕೊಳದ ನಡುವೆ ಅನಂತಪದ್ಮನಾಭನ ಗರ್ಭಗುಡಿಯಿದೆ. ದಡದಿಂದ ಅಲ್ಲಿಗೆ ಕಿರುಸೇತುವೆಯೊಂದೇ ದಾರಿ. ಸುತ್ತಲಿನ ನೆಲವೆಲ್ಲ ಮುರಕಲ್ಲು. ಮಣ್ಣಿನೊಳಗಿರುವಾಗ ಕಡಿಯಲು ಮೃದುವಾಗಿದ್ದು, ಗಾಳಿಬಿಸಿಲಿಗೆ ಒಡ್ಡಿದೊಡನೆ ಗಡುಸಾಗುವ ಈ ಕಲ್ಲು ಕರಾವಳಿಯ ಶಿಲ್ಪಿಗೆ ದೊರೆತ ವರವೇ ಸರಿ. ಮಲಬಾರಿನಲ್ಲಿ ಇದನ್ನೇ ಕಂಡು ಫ್ರಾನ್ಸಿಸ್ ಬುಕಾನನ್ 1807ರ ತನ್ನ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನಮಸ್ಕಾರ ಮಂಟಪದ ಮರದಲ್ಲಿ ದಶಾವತಾರದ ಕೆತ್ತನೆಗಳಿವೆ; ಗರ್ಭಗುಡಿಯ ಗೋಡೆಗಳಲ್ಲಿ ವರ್ಣಚಿತ್ರಗಳು.

ಆದರೆ ಈ ಕ್ಷೇತ್ರದ ನಿಜವಾದ ವೈಶಿಷ್ಟ್ಯವಿದ್ದುದು ವಿಗ್ರಹಗಳಲ್ಲಿ. ಅವು ಶಿಲೆಯವೂ ಅಲ್ಲ, ಲೋಹದವೂ ಅಲ್ಲ. ಎಪ್ಪತ್ತಕ್ಕೂ ಮಿಕ್ಕ ಔಷಧೀಯ ದ್ರವ್ಯಗಳನ್ನು ಸೇರಿಸಿದ ಕಡುಶರ್ಕರ ಪಾಕದವು. ಅನಂತಪುರವನ್ನು ತನ್ನ ಮೂಲಸ್ಥಾನವೆಂದು ಐತಿಹ್ಯವು ಹೇಳುವ ತಿರುವನಂತಪುರದ ಪದ್ಮನಾಭನದೂ ಇಂಥದೇ ಮೂರ್ತಿ. ಇಂತಹ ಬಿಂಬಕ್ಕೆ ನೇರವಾಗಿ ಜಲಾಭಿಷೇಕ ಸಲ್ಲದು. 1972ರಲ್ಲಿ ಇಲ್ಲಿ ಪಂಚಲೋಹದ ಮೂರ್ತಿಗಳು ಪ್ರತಿಷ್ಠಿತವಾದವು. ಅಂದು ಬದಲಾದುದು ದ್ರವ್ಯ ಮಾತ್ರವೆಂದು ಹೇಳಲಾರೆ. ಪಾಕವನ್ನು ಹದಗೊಳಿಸಿ ಮೈಗಟ್ಟಿಸುವ ವಿದ್ಯೆಗೂ ಒಂದು ಮನೆ ಇಲ್ಲವಾಯಿತು. ಗೋಡೆ ಕುಸಿದರೆ ಮುರಕಲ್ಲಿನಿಂದ ಕಟ್ಟಬಹುದು, ಕಲ್ಲು ಇಲ್ಲೇ ಇದೆ. ಪಾಕಕ್ಕೆ ಬೇಕಾದುದು ಅದನ್ನು ಬಲ್ಲ ಕೈ. ಮತ್ತೆ ಕಡುಶರ್ಕರದ ಮೂರ್ತಿಗಳನ್ನೇ ರೂಪಿಸುವ ಪ್ರಯತ್ನಕ್ಕೆ ಇಲ್ಲಿ ಕೈಹಾಕಿರುವುದು ಆ ಕಾರಣದಿಂದ ಜೀರ್ಣೋದ್ಧಾರಕ್ಕಿಂತ ಹಿರಿದಾದ ಕೆಲಸ.